ನೌಕೆ ತಲುಪುತ್ತಿಲ್ಲವೇ? ಅಂತರಿಕ್ಷ ಪ್ರಯಾಣದ ಲೆಕ್ಕದ ಶೀಟ್‌ನಲ್ಲಿ ದೋಷ ಹುಡುಕುವ ಕೈಪಿಡಿ

ಉಪಜಿಲ್ಲಾ ಶಾಸ್ತ್ರೋತ್ಸವದ (ಶಾಲಾ ವಿಜ್ಞಾನ ಮೇಳದ) ತಯಾರಿ ಶುರುವಾಯಿತೆಂದರೆ ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಹಿಡಿಯುವ ವಿಷಯಗಳಲ್ಲಿ ಇದೂ ಒಂದು: ಮನುಷ್ಯ ಎಲ್ಲಿಯವರೆಗೆ ಹೋಗಬಲ್ಲ, ಹೋಗಲು ಎಷ್ಟು ಕಾಲ ಬೇಕು. ಶಾಲೆಯ ಐಟಿ ಕ್ಲಬ್ ಆದ ಲಿಟಲ್ ಕೈಟ್ಸ್‌ನ ಮಕ್ಕಳಿಗೆ ಲೆಕ್ಕದ ಶೀಟ್ ಮಾಡುವ ಲಿಬ್ರೆ ಆಫೀಸ್ ಕ್ಯಾಲ್ಕ್ ಗೊತ್ತಿರುವುದರಿಂದ ಒಂದು ಶೀಟ್ ತಯಾರಾಗುತ್ತದೆ. ಮೊದಲ ಕಾಲಮ್‌ನಲ್ಲಿ ತಲುಪಬೇಕಾದ ಜಾಗ, ಆಮೇಲೆ ದೂರ, ವೇಗ, ಎಷ್ಟು ವರ್ಷ, ಎಷ್ಟು ಇಂಧನ. ಉತ್ತರ ವಿಚಿತ್ರವಾಗಿ ಬಂದಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬುದನ್ನು ಮಕ್ಕಳಿಗೂ ಅವರ ಜೊತೆ ಕೂರುವ ಟೀಚರ್, ಮಾಷ್ಟ್ರುಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ. ಈ ಶೀಟ್‌ನಲ್ಲಿ ಬರುವ ದೋಷ ಎರಡು ಜಾತಿಯದ್ದು. ಒಂದು, ನಾವು ಮಾಡಿದ ದೋಷ. ಇನ್ನೊಂದು, ದೋಷದಂತೆ ಕಂಡರೂ ನಿಜವಾದ ಉತ್ತರ. ಮೊದಲನೆಯದನ್ನು ತಿದ್ದಬೇಕು, ಎರಡನೆಯದನ್ನು ಮುಟ್ಟಬಾರದು. ಇವೆರಡನ್ನು ಬೇರ್ಪಡಿಸುವುದೇ ಇಲ್ಲಿ ಮುಖ್ಯ ಕೆಲಸ.

ಏನನ್ನೂ ತಿದ್ದುವ ಮೊದಲು: ಪರೀಕ್ಷೆಯ ಸಾಲುಗಳು

ಉತ್ತರ ಮೊದಲೇ ಗೊತ್ತಿರುವ ಎರಡು ಸಾಲುಗಳನ್ನು ಶೀಟ್‌ನ ತಲೆಯಲ್ಲೇ ಇಟ್ಟುಕೊಳ್ಳಿ. ಒಂದು, ಸೂರ್ಯನಿಂದ ಭೂಮಿಗೆ ಬೆಳಕು. ದೂರ 14.96 ಕೋಟಿ ಕಿಮೀ, ವೇಗ ಸೆಕೆಂಡಿಗೆ 2,99,792 ಕಿಮೀ, ಉತ್ತರ 499 ಸೆಕೆಂಡ್. ಇನ್ನೊಂದು, ನಾಸಾದ ವಾಯೇಜರ್ 1 ನೌಕೆಯ ವೇಗದಲ್ಲಿ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ. ದೂರ 4.24 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ), ಅಂದರೆ ಸುಮಾರು 40 ಲಕ್ಷ ಕೋಟಿ ಕಿಮೀ. ವೇಗ ಸೆಕೆಂಡಿಗೆ 17 ಕಿಮೀ, ಉತ್ತರ 75,000 ವರ್ಷದ ಆಸುಪಾಸು. (ವಾಯೇಜರ್ ಆ ನಕ್ಷತ್ರದ ದಿಕ್ಕಿಗೆ ಹೋಗುತ್ತಲೇ ಇಲ್ಲ. 1977ರಲ್ಲಿ ಹೊರಟ ಅದು ಸುಮಾರು 40,000 ವರ್ಷ ಕಳೆದ ಮೇಲೆ ಗ್ಲೀಸ್ 445 ಎಂಬ ಇನ್ನೊಂದು ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ದೂರದಲ್ಲಿ ಹಾದುಹೋಗುತ್ತದೆ. ನಾವು ಅದರ ವೇಗವನ್ನು ಮಾತ್ರ ಎರವಲು ಪಡೆದಿದ್ದೇವೆ.)

ಈ ಎರಡೂ ಸರಿ ಬಂದರೆ ಶೀಟ್‌ನ ಭಾಗಾಕಾರ ಸರಿ ಇದೆ ಎಂದು ಲೆಕ್ಕ. ಎರಡರಲ್ಲಿ ಒಂದು ತಪ್ಪಿದರೂ ಮುಂದಿನ ಸಾಲುಗಳನ್ನು ನೋಡುವುದರಲ್ಲಿ ಅರ್ಥವಿಲ್ಲ.

ಸೆಲ್‌ನಲ್ಲಿ ### ಕಾಣುತ್ತದೆ, ಅಥವಾ ಕಾಲ 0 ಎಂದು ಬರುತ್ತದೆ

### ಬಂದರೆ ಕಾಲಮ್ ಸಪುರವಾಗಿದೆ, ಅಷ್ಟೇ. ಎಳೆದು ಅಗಲ ಮಾಡಿ. 4.01ಇ+13 ಎಂದು ಬಂದರೆ ಅದೂ ತಪ್ಪಲ್ಲ. 4.01ರ ದಶಮಾಂಶ ಬಿಂದುವನ್ನು 13 ಸ್ಥಾನ ಬಲಕ್ಕೆ ಸರಿಸಿ ಓದಿದರೆ ಆಯಿತು.

ಉತ್ತರ 0 ಬಂದರೆ, ಅಥವಾ ಸೂತ್ರ ತಪ್ಪು ತೋರಿಸಿದರೆ, ನೀವು ಟೈಪ್ ಮಾಡಿದ ದೂರ ಸೆಲ್‌ನ ಎಡಬದಿಗೆ ಅಂಟಿಕೊಂಡಿದೆಯೇ ನೋಡಿ. ಎಡಕ್ಕಿದ್ದರೆ ಕ್ಯಾಲ್ಕ್ ಅದನ್ನು ಸಂಖ್ಯೆ ಎಂದು ತೆಗೆದುಕೊಂಡಿಲ್ಲ, ಬರಹ ಎಂದುಕೊಂಡಿದೆ. ನಮ್ಮ ರೀತಿಯಲ್ಲಿ 14,96,00,000 ಎಂದು ಅಲ್ಪವಿರಾಮ ಹಾಕಿದರೆ, ಭಾಷೆಯ ಸೆಟ್ಟಿಂಗ್ ಬೇರೆ ಇರುವ ಕಂಪ್ಯೂಟರ್‌ನಲ್ಲಿ ಹೀಗಾಗುತ್ತದೆ. ಕಂಟ್ರೋಲ್ ಕೀ ಹಿಡಿದು ಎಫ್8 ಒತ್ತಿ. ಸಂಖ್ಯೆಗಳು ನೀಲಿ, ಸೂತ್ರಗಳು ಹಸಿರು, ಬರಹ ಕಪ್ಪು ಬಣ್ಣಕ್ಕೆ ತಿರುಗುತ್ತವೆ. ದೂರದ ಕಾಲಮ್‌ನಲ್ಲಿ ಕಪ್ಪು ಏನಾದರೂ ಕಂಡರೆ ಅಲ್ಪವಿರಾಮ ತೆಗೆದು ಮತ್ತೆ ಟೈಪ್ ಮಾಡಿ.

ಉತ್ತರ ಬಂದಿದೆ, ಆದರೆ ಪರೀಕ್ಷೆಯ ಸಾಲಿಗೆ ಹೊಂದುವುದಿಲ್ಲ

ಇಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸೂತ್ರ ಓದುವುದಕ್ಕಿಂತ ಒಳ್ಳೆಯ ಉಪಾಯವಿದೆ. ಬಂದ ಉತ್ತರವನ್ನೂ ಬರಬೇಕಾಗಿದ್ದ ಉತ್ತರವನ್ನೂ ಒಂದರಿಂದ ಒಂದು ಭಾಗಿಸಿ, ದೊಡ್ಡದನ್ನು ಚಿಕ್ಕದರಿಂದ. ಆ ಭಾಗಲಬ್ಧವೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. 3,600 ಬಂದರೆ ಗಂಟೆಯ ವೇಗವನ್ನು ಸೆಕೆಂಡಿನ ಜಾಗದಲ್ಲಿ ಹಾಕಿದ್ದೀರಿ. 1,000 ಬಂದರೆ ಮೀಟರ್ ಮತ್ತು ಕಿಲೋಮೀಟರ್. 365ರ ಹತ್ತಿರ ಬಂದರೆ ದಿನ ಮತ್ತು ವರ್ಷ, 8,766 ಬಂದರೆ ಗಂಟೆ ಮತ್ತು ವರ್ಷ. 1.61 ಬಂದರೆ ಇಂಗ್ಲಿಷ್ ಪುಸ್ತಕದ ಮೈಲಿ ಹಾಗೆಯೇ ಉಳಿದಿದೆ. 3.26 ಬಂದರೆ ಯಾರೋ ಪಾರ್ಸೆಕ್‌ನಲ್ಲಿ (ಖಗೋಳದ ಇನ್ನೊಂದು ದೂರದ ಮಾನ, 3.26 ಜ್ಯೋತಿರ್ವರ್ಷ) ಕೊಟ್ಟ ದೂರವನ್ನು ಜ್ಯೋತಿರ್ವರ್ಷ ಎಂದು ಓದಿದ್ದೀರಿ.

ನಮ್ಮ ಮಕ್ಕಳಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಕಾಣುವುದು 100 ಮತ್ತು 10. ಒಂದು ಬಿಲಿಯನ್ ಎಂದರೆ 100 ಕೋಟಿ, ಒಂದು ಮಿಲಿಯನ್ ಎಂದರೆ 10 ಲಕ್ಷ. ಇಂಗ್ಲಿಷ್‌ನಿಂದ ಅಂಕಿ ತೆಗೆದು ಕನ್ನಡದಲ್ಲಿ ಚಾರ್ಟ್ ಬರೆಯುವಾಗ ಮಿಲಿಯನ್ ಲಕ್ಷವಾಗಿಬಿಡುತ್ತದೆ, ಬಿಲಿಯನ್ ಕೋಟಿಯಾಗಿಬಿಡುತ್ತದೆ. ದೂರದ ಕಾಲಮ್‌ನ ತಲೆಬರಹದಲ್ಲೇ "ಕಿಮೀ", ವೇಗದಲ್ಲಿ "ಕಿಮೀ/ಸೆ", ಕಾಲದಲ್ಲಿ "ವರ್ಷ" ಎಂದು ಬರೆದಿಡಿ. ವರ್ಷಕ್ಕೆ 3,15,57,600 ಸೆಕೆಂಡ್ ಎಂಬುದನ್ನು ಪ್ರತಿ ಸೂತ್ರದೊಳಗೆ ಟೈಪ್ ಮಾಡದೆ ಬೇರೆ ಒಂದು ಸೆಲ್‌ನಲ್ಲಿ ಇಟ್ಟು ಅಲ್ಲಿಂದ ಎತ್ತಿಕೊಳ್ಳಿ. ಇದು ಮಕ್ಕಳ ತಪ್ಪು ಎಂದು ಹಗುರವಾಗಿ ನೋಡುವ ಹಾಗಿಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ನಾಶವಾದದ್ದಕ್ಕೆ ಕಾರಣ, ಒಂದು ಕಡೆಯ ಲೆಕ್ಕ ಪೌಂಡ್‌ನಲ್ಲಿ, ಇನ್ನೊಂದು ಕಡೆಯದ್ದು ನ್ಯೂಟನ್‌ನಲ್ಲಿ ಇದ್ದದ್ದು. ಅಲ್ಲಿಯ ಭಾಗಲಬ್ಧ 4.45.

ಅಂಕಿಗಳೆಲ್ಲ ಸರಿ ಇವೆಯೇ ಎಂದು ಒಂದೇ ನೋಟದಲ್ಲಿ ತಿಳಿಯಲು ಇನ್ನೊಂದು ಕಾಲಮ್ ಸೇರಿಸಿ, ಎಲ್ಲ ದೂರಗಳನ್ನೂ 1,000 ಕೋಟಿಯಿಂದ ಭಾಗಿಸಿ. ಶಾಲೆಯ ಗೇಟಿನಲ್ಲಿ ಒಂದು ಚಕ್ಕೋತ ಇಟ್ಟರೆ ಅದು ಸೂರ್ಯ, 14 ಸೆಂಟಿಮೀಟರ್. ಅಲ್ಲಿಂದ 15 ಮೀಟರ್ ದೂರದಲ್ಲಿ ಒಂದು ಸಾಸಿವೆ ಕಾಳು ಭೂಮಿ. ಸಾಸಿವೆಯಿಂದ 4 ಸೆಂಟಿಮೀಟರ್‌ನಲ್ಲಿ ಚಂದ್ರ. ನೆಪ್ಚೂನ್ 450 ಮೀಟರ್, ಬಸ್‌ಸ್ಟಾಪಿನ ಹತ್ತಿರ. ಪ್ರಾಕ್ಸಿಮಾಕ್ಕೆ 4,000 ಕಿಮೀ ಬರಬೇಕು. ಕಾಸರಗೋಡಿನಿಂದ ಕಡಲು ದಾಟಿ, ದುಬೈ ದಾಟಿ, ಕುವೈತನ್ನೂ ದಾಟಿ ಬಾಗ್ದಾದಿನ ಆಸುಪಾಸು. ಅಣ್ಣನೋ ಮಾವನೋ ಗಲ್ಫ್‌ನಲ್ಲಿರುವ ಮಕ್ಕಳಿಗೆ ಆ ದೂರ ಏನೆಂದು ಗೊತ್ತು. ನಿಮ್ಮ ಶೀಟ್‌ನಲ್ಲಿ ಪ್ರಾಕ್ಸಿಮಾ ಪಯ್ಯನ್ನೂರಿನಲ್ಲೇ ನಿಂತಿದ್ದರೆ ಎರಡು ಸೊನ್ನೆ ಎಲ್ಲೋ ಬಿದ್ದುಹೋಗಿವೆ.

ಚಂದ್ರನಿಗೆ 9.7 ಗಂಟೆ, ಮಂಗಳಕ್ಕೆ 37 ದಿನ

ಮಾನಗಳೆಲ್ಲ ಸರಿ, ಭಾಗಾಕಾರ ಸರಿ, ಆದರೂ ಉತ್ತರ ನಡೆದ ಸಂಗತಿಗೆ ಹೊಂದುವುದಿಲ್ಲ. ಚಂದ್ರನ ದೂರ 3,84,400 ಕಿಮೀ, ಭೂಮಿ ಬಿಡುವ ವೇಗ ಸೆಕೆಂಡಿಗೆ 11 ಕಿಮೀ. ಭಾಗಿಸಿದರೆ 9.7 ಗಂಟೆ. ಅಪೊಲೊ 11 ಹೊರಟದ್ದು 1969ರ ಜುಲೈ 16ಕ್ಕೆ, ಚಂದ್ರನ ಕಕ್ಷೆ ಸೇರಿದ್ದು 19ಕ್ಕೆ, ಸುಮಾರು 76 ಗಂಟೆ. ಇಲ್ಲಿ ಭಾಗಲಬ್ಧ 8ರ ಹತ್ತಿರ. ಅದು ಯಾವ ಮಾನಕ್ಕೂ ಸೇರಿದ್ದಲ್ಲ. ಭಾಗಲಬ್ಧ ಯಾವ ಮಾನಕ್ಕೂ ಹೊಂದದಿದ್ದಾಗ ದೋಷ ಶೀಟ್‌ನಲ್ಲಿಲ್ಲ, ನಾವು ಊಹಿಸಿದ ದಾರಿಯಲ್ಲಿದೆ ಎಂದು ತಿಳಿಯಿರಿ. ಮೇಲಕ್ಕೆ ಎಸೆದ ಕಲ್ಲಿನ ಹಾಗೆಯೇ ನೌಕೆಯ ವೇಗವೂ ದಾರಿಯುದ್ದಕ್ಕೂ ಇಳಿಯುತ್ತದೆ, ಭೂಮಿ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಹೊರಟ ವೇಗವನ್ನೇ ಕೊನೆಯವರೆಗೂ ಹಾಕಬಾರದು.

2006ರ ಜನವರಿಯಲ್ಲಿ ಪ್ಲೂಟೊ ಕಡೆಗೆ ಹೊರಟ ನಾಸಾದ ನ್ಯೂ ಹೊರೈಜನ್ಸ್ ನೌಕೆ ಚಂದ್ರನ ದೂರವನ್ನು ಸುಮಾರು 9 ಗಂಟೆಯಲ್ಲಿ ದಾಟಿದ್ದು ನಿಜ. ಅದು ಇನ್ನೂ ಹೆಚ್ಚು ವೇಗದಲ್ಲಿ ಹೊರಟಿತ್ತು, ಚಂದ್ರನಲ್ಲಿ ನಿಲ್ಲುವ ಉದ್ದೇಶವೂ ಇರಲಿಲ್ಲ. 2015ರ ಜುಲೈ 14ಕ್ಕೆ ಪ್ಲೂಟೊ ಸಿಕ್ಕಿದಾಗಲೂ ಅದು ನಿಲ್ಲಲಿಲ್ಲ, ನಿಲ್ಲಲು ಬೇಕಾದಷ್ಟು ಇಂಧನ ಅದರಲ್ಲಿ ಇರಲೂ ಇಲ್ಲ. ಮುಂದೆ ಇಂಧನದ ಕಾಲಮ್ ನೋಡುವಾಗ ಇದು ಮತ್ತೆ ಬರುತ್ತದೆ.

ಮಂಗಳದ 37 ದಿನ ಬರುವುದು ಅತಿ ಹತ್ತಿರದ 5.5 ಕೋಟಿ ಕಿಮೀಯನ್ನು ನೇರ ಗೆರೆ ಎಂದುಕೊಂಡು ವಾಯೇಜರ್‌ನ ವೇಗ 17ರಿಂದ ಭಾಗಿಸಿದಾಗ. ಗ್ರಹಗಳ ನಡುವೆ ನೇರ ದಾರಿ ಇಲ್ಲ. ಸೂರ್ಯನನ್ನು ಸುತ್ತುತ್ತಲೇ ಹೋಗಬೇಕು. ಮಂಗಳಕ್ಕೆ ಹೋದ ನಾಸಾದ ಪರ್ಸಿವಿಯರೆನ್ಸ್ ರೋವರ್ 203 ದಿನಗಳಲ್ಲಿ ಕ್ರಮಿಸಿದ್ದು ಸುಮಾರು 47 ಕೋಟಿ ಕಿಮೀ. ಭಾಗಿಸಿ ನೋಡಿದರೆ ಸೆಕೆಂಡಿಗೆ 27 ಕಿಮೀ ಬರುತ್ತದೆ. ಆ ವೇಗದ ಬಹುಪಾಲು ರಾಕೆಟ್ ಕೊಟ್ಟದ್ದಲ್ಲ, ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಮೀ ಓಡುವ ಭೂಮಿಯೇ ಕೊಟ್ಟದ್ದು. ನಮ್ಮ ಮಂಗಳಯಾನ 2013ರ ನವೆಂಬರ್ 5ಕ್ಕೆ ಹೊರಟು 2014ರ ಸೆಪ್ಟೆಂಬರ್ 24ಕ್ಕೆ ತಲುಪಿತು. ಇಂಥ ಪ್ರಯಾಣಕ್ಕೆ ಗ್ರಹಗಳು ಸರಿಯಾದ ಸ್ಥಾನಕ್ಕೆ ಬರುವುದು ಸುಮಾರು 26 ತಿಂಗಳಿಗೊಮ್ಮೆ. ಹೋದ ಮನುಷ್ಯರು ವಾಪಸ್ ಬರಬೇಕಾದರೂ ಅಲ್ಲಿ ಕಾಯಲೇಬೇಕು. ಹೋಗಿ ಬರಲು ಒಟ್ಟು ಎರಡೂವರೆಯಿಂದ ಮೂರು ವರ್ಷ ಎಂದು ಹಾಕಿ.

ಸೂರ್ಯನನ್ನು ಅಧ್ಯಯನ ಮಾಡುವ ಪಾರ್ಕರ್ ನೌಕೆಯ ವೇಗವನ್ನು ತಂದು ಹಾಕುವವರಿಗೂ ಇದೇ ಮಾತು. 2024ರ ಡಿಸೆಂಬರ್ 24ರಂದು ಅದು ಸೆಕೆಂಡಿಗೆ 192 ಕಿಮೀ ಓಡಿದ್ದು ಸೂರ್ಯನ ಕಡೆಗೆ ಬಿದ್ದದ್ದರಿಂದ. ಅದೇ ವೇಗ ಹಿಡಿದು ಹೊರಗೆ ನಕ್ಷತ್ರಕ್ಕೆ ಹೋಗುವ ಹಾಗಿಲ್ಲ. ಹೋಗುವಂತಿದ್ದರೂ ಪ್ರಾಕ್ಸಿಮಾಕ್ಕೆ 6,600 ವರ್ಷ.

ಇಂಧನದ ಸೆಲ್‌ನಲ್ಲಿ #ನಮ್! (#NUM!) ಬಂದಿದೆ

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಮಕ್ಕಳು ಶೀಟ್ ಅಳಿಸಿ ಮೊದಲಿನಿಂದ ಶುರು ಮಾಡುವುದು ಇಲ್ಲೇ.

ಇಂಧನದ ಸೂತ್ರವನ್ನು ರಷ್ಯಾದ ತ್ಸಿಯೊಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ್ದು. ಬೇಕಾದ ವೇಗವನ್ನು ಹೊಗೆ ಹೊರಬೀಳುವ ವೇಗದಿಂದ ಭಾಗಿಸಿ, ಬಂದದ್ದನ್ನು 2.718ರ ಘಾತವಾಗಿ ಏರಿಸಿದರೆ, ಹೊರಡುವಾಗಿನ ತೂಕ ಉಳಿಯುವ ತೂಕದ ಎಷ್ಟು ಪಟ್ಟು ಎಂದು ಸಿಗುತ್ತದೆ. ಹೈಡ್ರೋಜನ್ ಆಮ್ಲಜನಕ ಉರಿಸುವ ಒಳ್ಳೆಯ ಎಂಜಿನ್‌ನಲ್ಲಿ ಹೊಗೆಯ ವೇಗ ಸೆಕೆಂಡಿಗೆ 4.5 ಕಿಮೀ. ನಮ್ಮ ತಂಡದ ಹುಡುಗಿಯೊಬ್ಬಳು ಬೇಕಾದ ವೇಗದ ಜಾಗದಲ್ಲಿ 30,000 ಹಾಕಿದಳು, ಬೆಳಕಿನ ವೇಗದ ಹತ್ತನೇ ಒಂದು ಪಾಲು.

"ಟೀಚರ್, ಶೀಟ್ ಹಾಳಾಗಿದೆ ಅಂತ ಕಾಣ್ತದೆ. ಬೇರೆ ಕಂಪ್ಯೂಟರಿನಲ್ಲಿ ಮಾಡ್ಲಾ?"

"ಬೇರೆದರಲ್ಲಿಯೂ ಹಾಗೇ ಬರ್ತದೆ. ವೇಗ ಇಳಿಸಿಕೊಂಡು ಬಾ, ಎಲ್ಲಿಂದ ಸರಿಯಾಗ್ತದೆ ನೋಡುವ."

15,000 ಹಾಕಿದಳು, #ನಮ್!. 3,000 ಹಾಕಿದಳು, ಉತ್ತರ ಬಂತು. 3,200ಕ್ಕೆ ಮತ್ತೆ ತಪ್ಪು. 3,190ಕ್ಕೆ ಉತ್ತರ, 3,195ಕ್ಕೆ ತಪ್ಪು. ಹೀಗೆ ನಡುವಿನ ಜಾಗವನ್ನು ಕಿರಿದು ಮಾಡುತ್ತಾ ಹೋಗುವುದು ಯಾವ ದೋಷ ಹುಡುಕುವುದಕ್ಕೂ ಒಳ್ಳೆಯ ಕ್ರಮ. ಶೀಟ್ ಹಾಳಾಗಿದ್ದರೆ ಅಲ್ಲೊಮ್ಮೆ ಇಲ್ಲೊಮ್ಮೆ ಕೆಡುತ್ತಿತ್ತು. ಇಲ್ಲಿ ಒಂದು ಗಡಿ ಇದೆ, ಗಡಿಯ ಈಚೆ ಯಾವಾಗಲೂ ಸರಿ, ಆಚೆ ಯಾವಾಗಲೂ ತಪ್ಪು. 3,195ನ್ನು 4.5ರಿಂದ ಭಾಗಿಸಿದರೆ 710. ಕಂಪ್ಯೂಟರ್ ಸಾಮಾನ್ಯವಾಗಿ ಸಂಖ್ಯೆ ಇಡುವ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 309 ಅಂಕಿಗಳದ್ದು. 2.718ರ 710ನೇ ಘಾತ ಅದನ್ನು ಮೀರುತ್ತದೆ. ಶೀಟ್ ಹೇಳುತ್ತಿರುವುದು ಇಷ್ಟೇ: ಈ ಸಂಖ್ಯೆ ಬರೆಯಲು ನನ್ನಲ್ಲಿ ಜಾಗ ಇಲ್ಲ.

ಈಗ ಉತ್ತರ ಬಂದ 3,000ದ ಸಾಲನ್ನೇ ಓದಿ. ಬೆಳಕಿನ ವೇಗದ ನೂರನೇ ಒಂದು ಪಾಲು ಮಾತ್ರ. ಅನುಪಾತ 290 ಅಂಕಿಗಳ ಸಂಖ್ಯೆ. ನಮಗೆ ಕಾಣಬಲ್ಲ ಇಡೀ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಗೆ 81 ಅಂಕಿ ಸಾಕು. ವಿಶ್ವವನ್ನೇ ಇಂಧನ ಮಾಡಿ ಉರಿಸಿದರೂ ಒಂದು ಪರಮಾಣುವನ್ನು ಆ ವೇಗಕ್ಕೆ ಏರಿಸಲು ಆಗುವುದಿಲ್ಲ. ಹಾಗಾಗಿ ಹುಡುಕಬೇಕಾದ ದೋಷ ಶೀಟ್‌ನಲ್ಲಿ ಇಲ್ಲ, ಉರಿಸಿ ಓಡುವ ಎಂಜಿನ್‌ನಲ್ಲಿ ಇದೆ. ಮಕ್ಕಳಿಗೆ ಇದು ಅರ್ಥವಾಗುವ ಗಳಿಗೆಗಾಗಿಯೇ ಈ ಪ್ರಾಜೆಕ್ಟ್ ಮಾಡಿಸಬೇಕು ಎಂದು ನನಗೆ ಅನ್ನಿಸುತ್ತದೆ. ನಕ್ಷತ್ರ ದೂರ ಇದೆ ಎಂಬುದು ಅವರಿಗೆ ಮೊದಲೇ ಗೊತ್ತು. ವೇಗ ಕೂಡುತ್ತಾ ಹೋದರೆ ತೂಕ ಗುಣಿಸುತ್ತಾ ಹೋಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಪ್ರತಿ 4.5 ಕಿಮೀ ಹೆಚ್ಚಿಗೆ ತೂಕ 2.718 ಪಟ್ಟು. 45 ಕಿಮೀಗೆ 22,000 ಪಟ್ಟು, 90 ಕಿಮೀಗೆ 48 ಕೋಟಿ ಪಟ್ಟು. ಚಂದ್ರನಿಗೆ ಹೋದ ಸ್ಯಾಟರ್ನ್ 5 ರಾಕೆಟ್ ಹೊರಡುವಾಗ ಸುಮಾರು 2,900 ಟನ್ ಇತ್ತು, ಕೊನೆಗೆ ಮೂವರನ್ನು ಹೊತ್ತು ಸಮುದ್ರಕ್ಕೆ ಇಳಿದದ್ದು 5 ಟನ್‌ನಷ್ಟು ಮಾತ್ರ.

ಈ ತಪ್ಪನ್ನು ಇಫ್‌ಎರರ್ ಹಾಕಿ ಮುಚ್ಚಬೇಡಿ, ಸೆಲ್ ಖಾಲಿ ಬಿಡಬೇಡಿ. ಅಂಕಿ ಬೇಕೇ ಬೇಕೆಂದಿದ್ದರೆ ಬೇಕಾದ ವೇಗವನ್ನು ಹೊಗೆಯ ವೇಗದಿಂದ ಭಾಗಿಸಿ ಬಂದದ್ದನ್ನು 2.303ರಿಂದ ಮತ್ತೆ ಭಾಗಿಸಿ, ಉತ್ತರದಲ್ಲಿ ಸುಮಾರು ಎಷ್ಟು ಅಂಕಿಗಳಿವೆ ಎಂದು ತೋರಿಸಿ. 30,000ಕ್ಕೆ ಅದು 2,895. ಇಂಧನವಲ್ಲ, ಇಂಧನದ ಸಂಖ್ಯೆಯಲ್ಲಿರುವ ಅಂಕಿಗಳು.

ಹೊಗೆಯ ವೇಗ ಹೆಚ್ಚಿಸಿದರೆ ಸರಿಯಾಗುವುದಿಲ್ಲವೇ ಎಂದು ತೀರ್ಪುಗಾರರು ಕೇಳಬಹುದು, ಕೇಳಬೇಕು. ಆಗುತ್ತದೆ, ಸ್ವಲ್ಪ. 1973ರಿಂದ 1978ರವರೆಗೆ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು ಡೀಡಲಸ್ ಎಂಬ ನೌಕೆಯನ್ನು ಕಾಗದದ ಮೇಲೆ ರೂಪಿಸಿದರು. ಪರಮಾಣು ಸಮ್ಮಿಳನದಿಂದ ಓಡುವ ಅದಕ್ಕೆ ಬೆಳಕಿನ ವೇಗದ ಶೇಕಡಾ 12. ಒಟ್ಟು 54,000 ಟನ್‌ನಲ್ಲಿ 50,000 ಟನ್ ಇಂಧನ. ಅದರಲ್ಲಿ ಬೇಕಾದ ಹೀಲಿಯಂ-3ನ್ನು ಗುರುಗ್ರಹದ ವಾತಾವರಣದಿಂದ ತರಬೇಕು. ಬರ್ನಾರ್ಡ್ ನಕ್ಷತ್ರಕ್ಕೆ ಸುಮಾರು 50 ವರ್ಷ. ಒಳಗೆ ಮನುಷ್ಯರಿಲ್ಲ, ತಲುಪಿದ ಮೇಲೆ ನಿಲ್ಲುವುದೂ ಇಲ್ಲ. ನಿಲ್ಲಿಸುವ ಇಂಧನವನ್ನು ಮರೆಯುವುದು ಇಂಧನದ ಕಾಲಮ್‌ನ ಅತಿ ಸಾಮಾನ್ಯ ದೋಷ. ನಿಲ್ಲಬೇಕಾದರೆ ಅನುಪಾತ ಎರಡು ಪಟ್ಟಾಗುವುದಿಲ್ಲ, ಅದರ ವರ್ಗವಾಗುತ್ತದೆ. ಹೊಗೆಯ ವೇಗ 10,000 ಎಂದು ಹಾಕಿ ನೋಡಿ. ಶೇಕಡಾ 12ರ ವೇಗಕ್ಕೆ 37 ಪಟ್ಟು, ಏರಿ ನಿಲ್ಲುವುದಕ್ಕೆ 1,300 ಪಟ್ಟಿಗೂ ಹೆಚ್ಚು.

ವೇಗ ಬೆಳಕನ್ನು ಮೀರಿದೆ

ನೌಕೆಯೊಳಗೆ ಭೂಮಿಯ ಮೇಲಿನಷ್ಟೇ ತೂಕ ಅನುಭವಕ್ಕೆ ಬರುವಂತೆ ಬಿಡದೆ ವೇಗ ಏರಿಸುತ್ತಾ ಹೋದರೆ ಏನಾಗುತ್ತದೆ ಎಂದು ಕೆಲವು ಮಕ್ಕಳು ಲೆಕ್ಕ ಹಾಕುತ್ತಾರೆ. ಸೆಕೆಂಡಿಗೆ 9.8 ಮೀಟರ್‌ನಂತೆ ಕೂಡುತ್ತಾ ಹೋದರೆ 354ನೇ ದಿನ ಶೀಟ್ ಬೆಳಕಿನ ವೇಗ ದಾಟುತ್ತದೆ. ಇದು ಸೂತ್ರದ ದೋಷ, ಇದನ್ನು ತಿದ್ದಲೇಬೇಕು. ಸಾದಾ ಕೂಡುವಿಕೆಯ ಜಾಗದಲ್ಲಿ ಹೈಪರ್‌ಬಾಲಿಕ್ ಟ್ಯಾಂಜೆಂಟ್ ಫಂಕ್ಷನ್ (ಕ್ಯಾಲ್ಕ್‌ನಲ್ಲಿ TANH) ಬರಬೇಕು. ಆಗ ನೌಕೆಯ ಗಡಿಯಾರದಲ್ಲಿ ಒಂದು ವರ್ಷಕ್ಕೆ ಬೆಳಕಿನ ವೇಗದ ಶೇಕಡಾ 77, ಎಷ್ಟು ವರ್ಷ ಓಡಿದರೂ 100 ಆಗದು.

ತಿದ್ದಿದ ಶೀಟ್‌ನಲ್ಲಿ ಅರ್ಧ ದಾರಿ ವೇಗ ಏರಿಸಿ, ಅರ್ಧ ದಾರಿ ಇಳಿಸಿದರೆ ಪ್ರಾಕ್ಸಿಮಾಕ್ಕೆ ನೌಕೆಯೊಳಗಿನವರಿಗೆ 3.5 ವರ್ಷ, ಭೂಮಿಯಲ್ಲಿರುವವರಿಗೆ 5.9 ವರ್ಷ. ಎರಡು ಉತ್ತರ ಬಂದದ್ದು ದೋಷವಲ್ಲ, ಎರಡೂ ಸರಿ. ಅಷ್ಟು ವೇಗದಲ್ಲಿ ನೌಕೆಯ ಗಡಿಯಾರ ಭೂಮಿಯದ್ದಕ್ಕಿಂತ ನಿಧಾನ. ಇದರ ಇಂಧನದ ಸಾಲನ್ನೂ ತುಂಬಿಸಿ. ಇಂಧನವೆಲ್ಲ ಒಂದಿಷ್ಟೂ ನಷ್ಟವಾಗದೆ ಬೆಳಕಾಗಿ ಹಿಂದಕ್ಕೆ ಹೊಮ್ಮುತ್ತದೆ ಎಂದುಕೊಂಡರೂ 1 ಟನ್ ನೌಕೆಗೆ ಸುಮಾರು 38 ಟನ್ ಬೇಕು. ಅಂಥ ಎಂಜಿನ್ ಎಲ್ಲಿಯೂ ಇಲ್ಲ.

ಮನುಷ್ಯರ ಸಾಲು ಬಿಟ್ಟುಹೋಗಿದೆ

ಶೀಟ್ ಎಲ್ಲ ಸರಿಯಾಗಿ ಓಡುತ್ತಿದ್ದರೂ ಪ್ರಯಾಣಿಕರನ್ನು ಕಲ್ಲಿನಂತೆ ಲೆಕ್ಕ ಹಾಕಿರುತ್ತೇವೆ. ನಾಲ್ವರು ಮಂಗಳಕ್ಕೆ 900 ದಿನಗಳಲ್ಲಿ ಹೋಗಿ ಬರಬೇಕಾದರೆ, ತಲೆಗೆ ದಿನಕ್ಕೆ 1.8 ಕಿಲೋದಂತೆ ಆಹಾರವೇ ಆರೂವರೆ ಟನ್. ಅದನ್ನು ಇಂಧನದ ಅನುಪಾತದಿಂದ ಗುಣಿಸಲು ಮರೆಯಬೇಡಿ, ಊಟವೂ ರಾಕೆಟ್ ಹೊರಬೇಕಾದ ತೂಕವೇ. ವಿಕಿರಣದ ಕಾಲಮ್ ಕೂಡ ಬೇಕು. ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವ ದಾರಿಯಲ್ಲಿ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಮಾನ). ಹೋಗಿ ಬರುವ ದಾರಿಯದ್ದೇ 660ರ ಹತ್ತಿರ. ನಾಸಾ ತನ್ನ ಗಗನಯಾತ್ರಿಯೊಬ್ಬರಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟ ಮಿತಿ 600. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟ, ತೊಡೆಯ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5 ಸವೆಯುತ್ತದೆ. ಒಂದೇ ಸಲ ಅತಿ ಹೆಚ್ಚು ಕಾಲ ಮೇಲಿದ್ದವರು ವಲೇರಿ ಪೊಲ್ಯಾಕೊವ್, 1994–95ರಲ್ಲಿ ಮೀರ್ ನಿಲ್ದಾಣದಲ್ಲಿ 437 ದಿನ. ಅವರು ಭೂಮಿಯಿಂದ ಕೆಲವು ನೂರು ಕಿಮೀ ಮೇಲೆ, ಭೂಮಿಯ ಕಾಂತಕ್ಷೇತ್ರದ ರಕ್ಷಣೆಯೊಳಗೇ ಇದ್ದರು. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ಮೂವರು ಭೂಮಿಯಿಂದ ದೂರ ಹೋದದ್ದು 4,00,171 ಕಿಮೀ. ಬೆಳಕಿಗೆ ಅದು 1.3 ಸೆಕೆಂಡಿನ ದೂರ. ಈ ಎರಡು ಸಾಲುಗಳನ್ನು ಪ್ರಾಕ್ಸಿಮಾದ ಸಾಲಿನ ಪಕ್ಕದಲ್ಲೇ ಇಡಿ, ಬೇರೆ ಪುಟಕ್ಕೆ ಹಾಕಬೇಡಿ.

ಗ್ಯಾಲಕ್ಸಿಗಳ ಸಾಲು: ಉತ್ತರ ಬರುತ್ತದೆ, ಬರಬಾರದು

ಇದು ಇಂಧನದ ಸೆಲ್‌ನ #ನಮ್!ಗೆ ತದ್ವಿರುದ್ಧ. ಇಲ್ಲಿ ಯಾವ ತಪ್ಪು ಸೂಚನೆಯೂ ಇಲ್ಲದೆ ಶೀಟ್ ಸುಳ್ಳು ಹೇಳುತ್ತದೆ. ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರ. ಅದು ನಮ್ಮ ಕಡೆಗೇ ಬರುತ್ತಿರುವುದರಿಂದ ಭಾಗಾಕಾರಕ್ಕೆ ತಕ್ಕಮಟ್ಟಿಗೆ ಅರ್ಥವಿದೆ. ಅದಕ್ಕಿಂತ ಬಹು ದೂರದ ಗ್ಯಾಲಕ್ಸಿಗಳಿಗೆ ಇಲ್ಲ. ವಿಶ್ವ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಹೆಚ್ಚುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಈಗಿನ ಲೆಕ್ಕದಂತೆ ಸುಮಾರು 1,600 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆ ಇರುವ ಗ್ಯಾಲಕ್ಸಿಗೆ ಇವತ್ತು ಇಲ್ಲಿಂದ ಹೊರಟ ಬೆಳಕು ಎಂದೂ ಮುಟ್ಟುವುದಿಲ್ಲ. ಕಾಣಬಲ್ಲ ವಿಶ್ವದ ಅಂಚು ಇರುವುದು 4,600 ಕೋಟಿಯಲ್ಲಿ. ಅಂದರೆ ದೂರದರ್ಶಕದಲ್ಲಿ ಕಾಣುವ ಬಹುಪಾಲು ಗ್ಯಾಲಕ್ಸಿಗಳು ಈಗಾಗಲೇ ಆ ಗೆರೆಯ ಆಚೆ ಇವೆ. ಹೊರಟ ಕ್ಷಣದ ದೂರವನ್ನು ವೇಗದಿಂದ ಭಾಗಿಸಿದರೆ ಕ್ಯಾಲ್ಕ್ ಅಂದವಾಗಿ ಒಂದು ಅಂಕಿ ಕೊಡುತ್ತದೆ. ಆ ಅಂಕಿಗೆ ಬೆಲೆ ಇಲ್ಲ.

ತಿದ್ದುವುದು ಸುಲಭ. ಕಾಲದ ಕಾಲಮ್‌ಗೆ ಒಂದು ಇಫ್ ಷರತ್ತು ಹಾಕಿ: ದೂರ 1,600 ಕೋಟಿ ಜ್ಯೋತಿರ್ವರ್ಷ ಮೀರಿದರೆ ಸಂಖ್ಯೆಯ ಬದಲು "ತಲುಪದು" ಎಂದು ಬರಲಿ. ದೂರ ಕಿಮೀಯಲ್ಲಿದ್ದರೆ ಮಿತಿಯನ್ನೂ ಕಿಮೀಗೆ ತಿರುಗಿಸಿಕೊಳ್ಳಿ, 1 ಜ್ಯೋತಿರ್ವರ್ಷಕ್ಕೆ 9.46 ಲಕ್ಷ ಕೋಟಿಯಂತೆ. ಬದಲಾವಣೆ ಆದ ಮೇಲೆ ತಲೆಯಲ್ಲಿರುವ ಎರಡು ಪರೀಕ್ಷೆಯ ಸಾಲುಗಳನ್ನು ಮತ್ತೊಮ್ಮೆ ನೋಡಿ. 499 ಸೆಕೆಂಡ್ ಮತ್ತು 75,000 ವರ್ಷ ಹಾಗೆಯೇ ಇದ್ದರೆ ಫೈಲ್ ಸೇವ್ ಮಾಡಿ, ಒಂದು ಪ್ರತಿ ಪೆನ್‌ಡ್ರೈವ್‌ಗೂ ಹಾಕಿಕೊಳ್ಳಿ.